ಗೆಲ್ಲುವವನನ್ನು ಹಿಡಿಯುವ ಕಣ್ಣು ಮುಳುಗುವವನನ್ನೂ ನೋಡಲಿ

ರಮ್ಮಿ ಜೂಜೋ ಕೌಶಲದ ಆಟವೋ ಎಂಬ ಪ್ರಶ್ನೆ 1968ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ನಡೆದ ಪೊಲೀಸ್ ದಾಳಿಯಿಂದ ಹುಟ್ಟಿದ ಪ್ರಕರಣ ಅದು. ರಮ್ಮಿಯಲ್ಲಿ ಕೌಶಲದ ಪಾಲೇ ಹೆಚ್ಚು ಎಂದು ನ್ಯಾಯಾಲಯ ತೀರ್ಮಾನಿಸಿತು. ಬಿದ್ದ ಎಲೆಗಳನ್ನು ಆಟಗಾರ ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ. ಹಣ ಕಟ್ಟಿ ಆಡುವ ಇಸ್ಪೀಟಿನ ಪರವಾಗಿ ನಮ್ಮ ನ್ಯಾಯಾಲಯಗಳಲ್ಲಿ ಆಮೇಲೆ ನಡೆದ ವಾದಗಳು ಬಹುಪಾಲು ಈ ತೀರ್ಪಿಗೇ ಒರಗಿ ನಿಂತಿವೆ. ಆದರೆ ಬಿದ್ದ ಎಲೆಗಳ ಲೆಕ್ಕ ಇಡುವ ಅದೇ ಕೆಲಸವನ್ನು ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಚೆನ್ನಾಗಿ ಮಾಡಿದವನನ್ನು ಕ್ಯಾಸಿನೊಗಳು ಹುಡುಕಿ ಹೊರಗೆ ಕಳಿಸುತ್ತವೆ. ನ್ಯಾಯಾಲಯ ಯಾವುದನ್ನು ಕೌಶಲ ಎಂದಿತೋ ಅದೇ ಅಲ್ಲಿ ಬಾಗಿಲು ಮುಚ್ಚಲು ಕಾರಣವಾಗುತ್ತದೆ. ಈ ಹುಡುಕಾಟ ಹೇಗೆ ನಡೆಯುತ್ತದೆ ಎಂದು ತಿಳಿದರೆ ಹಣದ ಆಟಗಳ ವ್ಯವಹಾರದ ಬಗ್ಗೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಆಡಿಸುವವರಿಗೆ ತಮ್ಮೆದುರು ಕುಳಿತ ಒಬ್ಬೊಬ್ಬ ಗಿರಾಕಿಯ ಸ್ಥಿತಿಯನ್ನೂ ತಿಳಿಯುವ ಶಕ್ತಿ ಇದೆ. ಆ ಶಕ್ತಿಯನ್ನು ಗೆಲ್ಲುವವನನ್ನು ತಡೆಯಲು ತಾವಾಗಿಯೇ ಬಳಸುತ್ತಾರೆ. ಹಾಳಾಗುತ್ತಿರುವವನನ್ನು ತಡೆಯಲು ಬಳಸಬೇಕಾದರೆ ಕಾನೂನಿನ ಒತ್ತಾಯ ಬೇಕು. ಹಣದ ಆಟಗಳ ಬಗ್ಗೆ ಕರ್ನಾಟಕದಲ್ಲಿ ಈಗ ನಡೆಯುತ್ತಿರುವ ಚರ್ಚೆ ಈ ಎರಡನೆಯ ಸಂಗತಿಯನ್ನು ಕೈಬಿಟ್ಟಿದೆ.

ಬ್ಲ್ಯಾಕ್‌ಜಾಕ್‌ನಲ್ಲಿ ಆಟಗಾರನ ಎದುರಾಳಿ ಪಕ್ಕದಲ್ಲಿ ಕುಳಿತವನಲ್ಲ, ಕ್ಯಾಸಿನೊ. ಎಲೆಗಳ ಮೊತ್ತ 21ನ್ನು ಮೀರದಂತೆ ನೋಡಿಕೊಂಡು ಎಲೆ ಹಂಚುವ ಡೀಲರ್‌ಗಿಂತ ಹತ್ತಿರ ತಲುಪಿದವನಿಗೆ ಗೆಲುವು. ಮಿಕ್ಕ ಜೂಜಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ದಾಳಕ್ಕಾಗಲಿ ರೂಲೆಟ್ ಚಕ್ರಕ್ಕಾಗಲಿ ನೆನಪಿಲ್ಲ; ಹಿಂದಿನ ಸುತ್ತಿನಲ್ಲಿ ಏನು ಬಿತ್ತು ಎಂಬುದು ಮುಂದಿನ ಸುತ್ತಿಗೆ ಲೆಕ್ಕವಿಲ್ಲ. ಇಸ್ಪೀಟಿನ ಕಟ್ಟಿನಲ್ಲಿ ಹಾಗಲ್ಲ. ಒಮ್ಮೆ ಬಿದ್ದ ಎಲೆ ಮತ್ತೆ ಕಲೆಸುವವರೆಗೆ ವಾಪಸು ಬರುವುದಿಲ್ಲ, ಆದ್ದರಿಂದ ಉಳಿದ ಎಲೆಗಳ ಗುಣ ಬದಲಾಗುತ್ತಾ ಹೋಗುತ್ತದೆ. ಎಕ್ಕ, ರಾಜ, ರಾಣಿ, ಗುಲಾಮ ಮತ್ತು ಹತ್ತು ಹೆಚ್ಚು ಉಳಿದಿದ್ದರೆ ಆಟಗಾರನಿಗೆ ಲಾಭ. ಸಣ್ಣ ಎಲೆಗಳು ಹೆಚ್ಚು ಉಳಿದಿದ್ದರೆ ಕ್ಯಾಸಿನೊಗೆ ಲಾಭ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಐಬಿಎಂ ಕಂಪ್ಯೂಟರಿನ ನೆರವಿನಿಂದ ಇದನ್ನು ಲೆಕ್ಕ ಹಾಕಿ 1962ರಲ್ಲಿ ‘ಬೀಟ್ ದ ಡೀಲರ್’ ಎಂಬ ಪುಸ್ತಕ ಬರೆದರು. ಮುಂದೆ ಜನಪ್ರಿಯವಾದ ‘ಹೈ-ಲೋ’ ವಿಧಾನವನ್ನು ಹೈಸ್ಕೂಲ್ ಹುಡುಗ ಕೂಡ ಕಲಿಯಬಹುದು: ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡಿಸು, ಹತ್ತು ಮತ್ತು ಅದಕ್ಕಿಂತ ದೊಡ್ಡದು ಬಿದ್ದರೆ ಒಂದು ಕಳೆ, ಏಳರಿಂದ ಒಂಬತ್ತನ್ನು ಬಿಟ್ಟುಬಿಡು. ಬಂದ ಉತ್ತರವನ್ನು ಉಳಿದಿರುವ ಕಟ್ಟುಗಳ ಸಂಖ್ಯೆಯಿಂದ ಭಾಗಿಸಿ, ಉತ್ತರ ದೊಡ್ಡದಾದಾಗ ಪಣ ಹೆಚ್ಚಿಸಬೇಕು, ಇಳಿದಾಗ ತಗ್ಗಿಸಬೇಕು. ಉಪಕರಣ ಬೇಡ, ಗುರುತು ಹಾಕಿದ ಎಲೆ ಬೇಡ, ಡೀಲರ್ ಜೊತೆ ಒಳಒಪ್ಪಂದ ಬೇಡ. ಎಲ್ಲರ ಕಣ್ಣೆದುರು ಬಿದ್ದ ಎಲೆಗಳನ್ನು ಗಮನವಿಟ್ಟು ನೋಡಿದರೆ ಸಾಕು.

ಇದರಿಂದ ಸಿಗುವ ಲಾಭ ಎಷ್ಟು ಸಣ್ಣದು ಎಂಬುದನ್ನೂ ಹೇಳಬೇಕು. ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ ಒಂದೂ ತಪ್ಪಿಲ್ಲದೆ ಆಡಿದರೂ ಎಣಿಸದ ಆಟಗಾರ ಕಟ್ಟಿದ ಪ್ರತಿ ಸಾವಿರ ರೂಪಾಯಿಗೆ ಸರಾಸರಿ ಐದು ರೂಪಾಯಿಯಷ್ಟು ಕಳೆದುಕೊಳ್ಳುತ್ತಾನೆ. ಚೆನ್ನಾಗಿ ಎಣಿಸುವವನಿಗೆ ಅದು ತಿರುಗಿ ಸಾವಿರಕ್ಕೆ ಸುಮಾರು ಹತ್ತು ರೂಪಾಯಿಯ ಲಾಭವಾಗುತ್ತದೆ. ಇಷ್ಟಕ್ಕಾಗಿಯೇ ಕ್ಯಾಸಿನೊಗಳು ಅವನ ಬೆನ್ನು ಹತ್ತುತ್ತವೆ. ಪತ್ತೆಯ ಕೆಲಸ ಮೇಜಿನಿಂದಲೇ ಶುರುವಾಗುತ್ತದೆ. ಯಾರ ಪಣ ಕಾರಣವಿಲ್ಲದೆ ಒಮ್ಮೆಗೇ ಎಂಟು-ಹತ್ತು ಪಟ್ಟು ಏರುತ್ತದೆ, ಯಾರು ಎಲೆ ಕಲೆಸಿದ ಕೂಡಲೇ ಕನಿಷ್ಠ ಪಣಕ್ಕೆ ಇಳಿಯುತ್ತಾರೆ, ಯಾರು ಮೇಜಿನ ಹಿಂದೆ ನಿಂತು ನೋಡುತ್ತಿದ್ದು ಮಧ್ಯದಲ್ಲಿ ಬಂದು ಕೂರುತ್ತಾರೆ ಎಂಬುದನ್ನು ಮೇಲ್ವಿಚಾರಕ ಗಮನಿಸುತ್ತಾನೆ. ಡೀಲರ್ ಎಕ್ಕ ತೋರಿಸಿದಾಗ ‘ಇನ್ಶೂರೆನ್ಸ್’ ಎಂಬ ಬದಿಪಣಕ್ಕೆ ಕರೆಯುತ್ತಾರೆ. ಅದು ಸಾಮಾನ್ಯವಾಗಿ ನಷ್ಟದ ಪಣ. ದೊಡ್ಡ ಎಲೆಗಳು ಬಹಳ ಉಳಿದಾಗ ಮಾತ್ರ ಲಾಭ. ಸರಿಯಾಗಿ ಆ ಹೊತ್ತಿಗೇ ಅದನ್ನು ಕಟ್ಟುವವನು ಗುಟ್ಟು ಬಿಟ್ಟುಕೊಟ್ಟಂತೆಯೇ. ಅನುಮಾನ ಬಂದರೆ ಛಾವಣಿಯ ಕ್ಯಾಮೆರಾಗಳ ಹಿಂದೆ ಕುಳಿತ ಸಿಬ್ಬಂದಿ ಅವನ ಆಟದ ದೃಶ್ಯಗಳನ್ನು ಮತ್ತೆ ನೋಡುತ್ತಾ ತಾವೂ ಅದೇ ಹೈ-ಲೋ ಲೆಕ್ಕ ಹಾಕುತ್ತಾರೆ. ಎಣಿಕೆ ಏರಿದಾಗಲೆಲ್ಲ ಪಣವೂ ಏರಿದ್ದರೆ ಸಂಶಯ ಉಳಿಯುವುದಿಲ್ಲ. ಪ್ರತಿ ಕೈಯ ಪಣವನ್ನೂ ದಾಖಲಿಸುವ ಸಾಫ್ಟ್‌ವೇರ್, ಒಳಗೆ ಚಿಪ್ ಇರುವ ಪಣದ ಬಿಲ್ಲೆ, ಮುಖ ಗುರುತಿಸುವ ಕ್ಯಾಮೆರಾ ಎಲ್ಲವೂ ಈ ಕೆಲಸಕ್ಕೆ ಬಂದಿವೆ.

ಪತ್ತೆಯಾದ ಮೇಲಿನ ಕ್ರಮಗಳಿಗೂ ಮೆಟ್ಟಿಲುಗಳಿವೆ. ಮೊದಲು ಎಲೆಗಳನ್ನು ಬೇಗಬೇಗ ಕಲೆಸಲು ಡೀಲರ್‌ಗೆ ಸೂಚನೆ ಹೋಗುತ್ತದೆ. ಆಮೇಲೆ ಎಲ್ಲ ಕೈಗೂ ಒಂದೇ ಮೊತ್ತದ ಪಣ ಕಟ್ಟಬೇಕೆಂಬ ಷರತ್ತು. ಅದಾದ ಮೇಲೆ ಬೇರೆ ಯಾವ ಆಟವನ್ನಾದರೂ ಆಡಿ, ಬ್ಲ್ಯಾಕ್‌ಜಾಕ್ ಮಾತ್ರ ಬೇಡ ಎಂಬ ಸೌಜನ್ಯದ ಮಾತು. ಕೊನೆಗೆ ಮತ್ತೆ ಕಾಲಿಟ್ಟರೆ ಅತಿಕ್ರಮ ಪ್ರವೇಶ ಎಂಬ ಎಚ್ಚರಿಕೆ. ಲಾಸ್ ವೇಗಸ್‌ನ ಗ್ರಿಫಿನ್ ಎಂಬ ಪತ್ತೇದಾರಿ ಸಂಸ್ಥೆ ಇಂಥ ಆಟಗಾರರ ಫೋಟೊಗಳನ್ನು ಮೋಸಗಾರರ ಫೋಟೊಗಳ ಜೊತೆಗೇ ಪುಸ್ತಕ ಮಾಡಿ ದಶಕಗಳ ಕಾಲ ಕ್ಯಾಸಿನೊಗಳಿಗೆ ಮಾರಿತು. ಇಬ್ಬರು ಆಟಗಾರರು ಅದರ ವಿರುದ್ಧ ಮಾನನಷ್ಟ ಮೊಕದ್ದಮೆ ಗೆದ್ದ ಮೇಲೆ 2005ರಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಬೇಕಾಯಿತು. ನೆವಾಡ ರಾಜ್ಯದಲ್ಲಿ ತಲೆಯೊಳಗೆ ಎಣಿಸುವುದು ಅಪರಾಧವಲ್ಲ, ಆದರೆ ಎಣಿಸುವವನನ್ನು ಹೊರಗಿಡುವುದಕ್ಕೂ ಅಡ್ಡಿಯಿಲ್ಲ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ ಎಲೆ ಎಣಿಸುವ ಆಟಗಾರ ಕೆನ್ ಅಸ್ಟನ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಸಾರ್ವಜನಿಕರಿಗೆ ತೆರೆದ ಜಾಗದಿಂದ ಒಬ್ಬನನ್ನು ಅವನ ಜಾಣತನಕ್ಕಾಗಿ ಹೊರಗೆ ಹಾಕುವ ಅಧಿಕಾರ ಕ್ಯಾಸಿನೊಗೆ ತಾನಾಗಿ ಬರುವುದಿಲ್ಲ, ಅಂಥ ನಿಯಮ ಮಾಡುವುದಿದ್ದರೆ ನಿಯಂತ್ರಣ ಆಯೋಗ ಮಾಡಬೇಕು ಎಂದಿತು. ಅದೇ ರಾಜ್ಯದ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳು ಅದಕ್ಕೆ ಹೆಚ್ಚು ಕಟ್ಟುಗಳನ್ನು ಬೆರೆಸಿ, ಬೇಗ ಕಲೆಸಿ ಉತ್ತರ ಕಂಡುಕೊಂಡವು. ಇಂದು ಅನೇಕ ಕಡೆ ಎಲೆಗಳನ್ನು ನಿರಂತರ ಕಲೆಸುವ ಯಂತ್ರಗಳಿವೆ. ಮೊದಲೆರಡು ಎಲೆಗಳಲ್ಲೇ 21 ಬಂದಾಗ ನೂರಕ್ಕೆ 150 ಕೊಡುತ್ತಿದ್ದ ಮೇಜುಗಳು ಎಷ್ಟೋ ಕಡೆ 120 ಮಾತ್ರ ಕೊಡುತ್ತಿವೆ. ಎಣಿಸುವವರ ನೆಪದಲ್ಲಿ ಎಣಿಸದವರ ಜೇಬಿಗೂ ಕತ್ತರಿ ಬಿದ್ದಿದೆ.

ಈ ಕಾವಲಿನ ಇನ್ನೊಂದು ಮುಖ ನನ್ನ ವಾದದ ತಿರುಳು. ಕ್ಯಾಸಿನೊ ತನ್ನ ಸದಸ್ಯತ್ವದ ಕಾರ್ಡ್ ಪಡೆದ ಪ್ರತಿ ಗಿರಾಕಿಯ ಸರಾಸರಿ ಪಣ, ಗಂಟೆಗೆ ಆಡುವ ಕೈಗಳು, ಕುಳಿತ ಗಂಟೆಗಳು, ಆಟದಲ್ಲಿ ತನಗಿರುವ ಶೇಕಡಾವಾರು ಅನುಕೂಲ ಇವನ್ನು ಗುಣಿಸಿ ಆತ ಎಷ್ಟು ಕಳೆದುಕೊಳ್ಳಬೇಕು ಎಂಬ ಅಂದಾಜನ್ನು ಮೊದಲೇ ಹಾಕಿಡುತ್ತದೆ. ಉಚಿತ ಊಟ, ಕೊಠಡಿ, ಮದ್ಯ ಯಾರಿಗೆ ಎಷ್ಟು ಎಂದು ನಿರ್ಧಾರವಾಗುವುದು ಆ ಅಂದಾಜಿನ ಮೇಲೆ. ಅಂದರೆ ಯಾರು ಎಷ್ಟು ಹೊತ್ತಿನಿಂದ ಎದ್ದಿಲ್ಲ, ಯಾರ ಪಣ ಸೋಲಿನ ಬೆನ್ನಲ್ಲೇ ಏರುತ್ತಿದೆ, ಯಾರು ಮತ್ತೆ ಮತ್ತೆ ಹಣ ತರಲು ಹೊರಗೆ ಹೋಗುತ್ತಿದ್ದಾರೆ ಎಂಬುದು ಅದೇ ಪರದೆಯ ಮೇಲೆ ಕಾಣುತ್ತದೆ. ಸಾವಿರಕ್ಕೆ ಹತ್ತು ರೂಪಾಯಿಯ ವ್ಯತ್ಯಾಸವನ್ನು ಒಂದು ಸಂಜೆಯಲ್ಲಿ ಕಂಡುಹಿಡಿಯುವವರಿಗೆ ಇಡೀ ರಾತ್ರಿ ಮೇಜು ಬಿಡದೆ ಸೋಲುತ್ತಿರುವವನು ಕಾಣಲಿಲ್ಲ ಎಂದರೆ ನಂಬುವುದು ಹೇಗೆ? ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದ ನಿಯಂತ್ರಣ ಆಯೋಗ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಮೆಲ್ಬರ್ನ್‌ನ ಕ್ರೌನ್ ಕ್ಯಾಸಿನೊ ಕೆಲವರನ್ನು 24 ಗಂಟೆಗೂ ಹೆಚ್ಚು ಕಾಲ ಆಡಲು ಬಿಟ್ಟಿತ್ತು ಎಂಬುದು ಸಾಬೀತಾಗಿ, ಗಿರಾಕಿಗಳ ಹಿತ ಕಾಯುವ ಹೊಣೆಯಲ್ಲಿ ವರ್ಷಗಳ ಕಾಲ ತಪ್ಪಿದ್ದಕ್ಕೆ 2022ರಲ್ಲಿ 12 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಕ್ಯಾಮೆರಾ ಅಲ್ಲೂ ಇತ್ತು, ನೋಡುವವರೂ ಇದ್ದರು. ತಡೆಯುವ ಮನಸ್ಸು ಇರಲಿಲ್ಲ.

ಲೆಕ್ಕ ಬಲ್ಲ ಜೂಜುಗಾರನ ಕಥೆ ನಮಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ, ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಇನ್ನಷ್ಟು ಹತ್ತಿರವಾದ ನಳನ ಕಥೆ ಅದೇ. ಪುಷ್ಕರನೆದುರು ಪಗಡೆಯಲ್ಲಿ ರಾಜ್ಯ ಸೋತ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗುತ್ತಾನೆ. ದಾರಿಯಲ್ಲಿ ಋತುಪರ್ಣ ತಾರೆ ಮರವೊಂದರ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಹೇಳುತ್ತಾನೆ. ನಳ ಎಣಿಸಿ ನೋಡಿದರೆ ಸರಿಯಾಗಿರುತ್ತದೆ. ಆ ಎಣಿಕೆಯ ವಿದ್ಯೆಯನ್ನೂ ದಾಳದ ಮರ್ಮವಾದ ಅಕ್ಷಹೃದಯವನ್ನೂ ಪಡೆದು, ಪ್ರತಿಯಾಗಿ ಅಶ್ವಹೃದಯವನ್ನು ಕೊಟ್ಟು, ನಳ ಮತ್ತೆ ಪುಷ್ಕರನೆದುರು ಕೂರುತ್ತಾನೆ, ಗೆಲ್ಲುತ್ತಾನೆ. ಪುಷ್ಕರ ದುರಾಸೆಯವನು. ಆದರೂ ಎರಡನೆಯ ಆಟಕ್ಕೆ ಇಲ್ಲ ಎನ್ನಲಿಲ್ಲ, ಸೋತ ಮೇಲೆ ರಾಜ್ಯ ಬಿಟ್ಟುಕೊಟ್ಟ. ಇಂದಿನ ಕ್ಯಾಸಿನೊ ಅರಿಯದೆ ಸೋಲುವ ನಳನನ್ನು ಸ್ವಾಗತಿಸಿ, ವಿದ್ಯೆ ಕಲಿತು ಬಂದ ನಳನನ್ನು ಬಾಗಿಲಲ್ಲೇ ತಡೆಯುತ್ತದೆ. ಸೋಲಬಲ್ಲವರಿಗೆ ಮಾತ್ರ ತೆರೆದಿರುವ ಪಂದ್ಯವನ್ನು ಆಟ ಎನ್ನುವುದಕ್ಕಿಂತ ವಸೂಲಿ ಎನ್ನುವುದೇ ಸರಿ.

ಬೆಂಗಳೂರಿಗೆ ಈ ವಿಷಯದಲ್ಲಿ ಇತಿಹಾಸವಿದೆ. ಕೌಶಲದ ಆಟ ಬೇರೆ, ಜೂಜು ಬೇರೆ ಎಂಬ ಸಿದ್ಧಾಂತಕ್ಕೆ ಸಂವಿಧಾನದ ಬುನಾದಿ ಸಿಕ್ಕಿದ್ದು 1957ರ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲಿ. ಅವುಗಳಲ್ಲಿ ಒಂದರ ಮೂಲ ಅಂದಿನ ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿ ಪ್ರಾಂತ್ಯದಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಪದಬಂಧ ಸ್ಪರ್ಧೆ. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ವ್ಯಾಪಾರದ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಆಗ ಹೇಳಿತು. ಜಾಣ್ಮೆಯಿಂದ ಗೆಲ್ಲುವ ಸ್ಪರ್ಧೆಗಳು ಆ ಮಾತಿನಿಂದ ಹೊರಗುಳಿದವು. 64 ವರ್ಷದ ನಂತರ, 2021ರಲ್ಲಿ, ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟಿನ ವಿಭಾಗೀಯ ಪೀಠ ಆ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಅದನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಮುಂದಿನ ತಿಂಗಳೇ ತನ್ನ ಬಳಿಗೆ ತರಿಸಿಕೊಂಡಿತು. ಏಳು ದಶಕಗಳಿಂದ ನಾವು ಕೇಳುತ್ತಿರುವ ಪ್ರಶ್ನೆ ಒಂದೇ: ಆಟದಲ್ಲಿ ಕೌಶಲ ಎಷ್ಟು, ಅದೃಷ್ಟ ಎಷ್ಟು? ಕ್ಯಾಸಿನೊಗಳ ನಡವಳಿಕೆ ನೋಡಿದರೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಹೊಳೆಯುತ್ತದೆ: ಆಡಿಸುವವನಿಗೆ ಏನೇನು ಗೊತ್ತು, ಗೊತ್ತಿದ್ದನ್ನು ಯಾರ ಮೇಲೆ ಬಳಸುತ್ತಿದ್ದಾನೆ?

ಇದಕ್ಕೆ ಬರುವ ಮೊದಲ ಆಕ್ಷೇಪ, ಎಣಿಸುವವನು ಮೋಸಗಾರ, ಅವನನ್ನು ಹೊರಗಿಡುವುದು ಮಾಲೀಕನ ಹಕ್ಕು ಎಂಬುದು. ಮೋಸ ಎಂಬ ಮಾತು ನಿಲ್ಲುವುದಿಲ್ಲ. ಎಲೆಗೆ ಗುರುತು ಹಾಕುವುದು, ಗುಪ್ತ ಉಪಕರಣ ಬಳಸುವುದು ಮೋಸ. ನೆವಾಡ 1985ರಲ್ಲಿ ಉಪಕರಣಗಳನ್ನು ಅಪರಾಧ ಎಂದು ಘೋಷಿಸಿತು, ತಲೆಯ ಲೆಕ್ಕವನ್ನು ಮುಟ್ಟಲಿಲ್ಲ. ಮಾಲೀಕನ ಹಕ್ಕು ಎಂಬ ಮಾತಿಗೆ ಸ್ವಲ್ಪ ತೂಕವಿದೆ. ಸಾಮಾನ್ಯ ಅಂಗಡಿಯವನು ಯಾರೊಡನೆ ವ್ಯವಹರಿಸಬೇಕು ಎಂಬುದು ಅವನಿಗೆ ಬಿಟ್ಟದ್ದು. ಆದರೆ ಕ್ಯಾಸಿನೊ ಸಾಮಾನ್ಯ ಅಂಗಡಿಯಲ್ಲ. ಉಳಿದವರು ಮಾಡಿದರೆ ಅಪರಾಧವಾಗುವ ಕೆಲಸವನ್ನು ಸರ್ಕಾರದ ಪರವಾನಗಿಯಿಂದ ಮಾಡುವ ಜಾಗ ಅದು. ಅಂಥ ವಿನಾಯಿತಿ ಪಡೆದವರ ಮೇಲೆ ಷರತ್ತು ಹಾಕುವ ಅಧಿಕಾರ ವಿನಾಯಿತಿ ಕೊಟ್ಟವರಿಗೆ ಇದ್ದೇ ಇದೆ. ಎಣಿಸುವವನ ಪರ ಕಣ್ಣೀರು ಹಾಕುವುದು ನನ್ನ ಉದ್ದೇಶವಲ್ಲ. ಅವನು ತನ್ನ ದಾರಿ ನೋಡಿಕೊಳ್ಳುತ್ತಾನೆ. ಒಬ್ಬನನ್ನು ಆರಿಸಿ ಹೊರಗಿಡುವ ಸಾಮರ್ಥ್ಯ ತಮಗಿದೆ ಎಂದು ಕ್ಯಾಸಿನೊಗಳು ದಿನವೂ ತೋರಿಸಿಕೊಡುತ್ತಿವೆ, ಆದ್ದರಿಂದ ಹಾಳಾಗುತ್ತಿರುವವನನ್ನು ಹೊರಗಿಡಲು ನಮ್ಮಿಂದ ಆಗುವುದಿಲ್ಲ ಎಂಬ ಅವರ ಮಾತಿಗೆ ಬೆಲೆ ಉಳಿದಿಲ್ಲ ಎಂಬುದಷ್ಟೇ ನಾನು ಹೇಳುತ್ತಿರುವುದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬ್ಲ್ಯಾಕ್‌ಜಾಕ್‌ನಲ್ಲಿ ಕ್ಯಾಸಿನೊ ಎದುರಾಳಿ, ಆದ್ದರಿಂದ ಗೆಲ್ಲುವವನು ಅದಕ್ಕೆ ಬೇಡ. ರಮ್ಮಿ, ಪೋಕರ್ ಆ್ಯಪ್‌ಗಳಲ್ಲಿ ಆಟ ಗಿರಾಕಿಗಳ ನಡುವೆ. ಕಂಪನಿಗೆ ಕಮಿಷನ್ ಮಾತ್ರ. ಜಾಣನನ್ನು ಹೊರಹಾಕಲು ಅದಕ್ಕೆ ಕಾರಣವಿಲ್ಲ, ಹಾಗಾಗಿ ಕ್ಯಾಸಿನೊದ ಉದಾಹರಣೆ ಇಲ್ಲಿ ಸಲ್ಲದು ಎನ್ನುತ್ತಾರೆ. ವ್ಯತ್ಯಾಸ ನಿಜ. ಆದರೆ ಕಮಿಷನ್ ಹುಟ್ಟುವುದು ಪ್ರತಿ ಸುತ್ತಿನ ಹಣದಿಂದ. ಜಾಣರು ಗೆಲ್ಲುತ್ತಲೇ ಇರಬೇಕಾದರೆ ಸೋಲುವವರು ಬರುತ್ತಲೇ ಇರಬೇಕು, ಸೋತವರು ಮತ್ತೆ ಹಣ ತುಂಬುತ್ತಲೇ ಇರಬೇಕು. ಸ್ವಾಗತದ ಬೋನಸ್, ಆಡುವುದು ಬಿಟ್ಟು ಕೆಲವು ದಿನವಾದರೆ ಬರುವ ಸಂದೇಶ, ಹೆಚ್ಚು ಆಡುವವರಿಗೆ ವಿಐಪಿ ಪಟ್ಟ ಇವೆಲ್ಲ ಇರುವುದು ಅದಕ್ಕೆ. ಮೇಜಿನ ಮೇಲ್ವಿಚಾರಕ ಅಂದಾಜಿನಿಂದ ತಿಳಿಯಬೇಕಾದದ್ದು ಆ್ಯಪ್‌ನ ದಾಖಲೆಯಲ್ಲಿ ನಿಮಿಷ, ಪೈಸೆಯ ಲೆಕ್ಕದಲ್ಲಿ ಕೂತಿರುತ್ತದೆ. ಗಿರಾಕಿ ಎಷ್ಟು ಗಂಟೆಯವರೆಗೆ ಮಲಗಲಿಲ್ಲ, ಸಂಬಳ ಬಂದ ದಿನ ಎಷ್ಟು ಹಾಕಿದ, ಸೋತ ಎಷ್ಟು ನಿಮಿಷಕ್ಕೆ ಮತ್ತೆ ಹಾಕಿದ ಎಲ್ಲವೂ ಗೊತ್ತಾಗುತ್ತದೆ. ಕ್ರೀಡಾ ಬೆಟ್ಟಿಂಗ್ ಸಂಸ್ಥೆಗಳಂತೂ ಬ್ರಿಟನ್‌ನಲ್ಲಿ ಸತತವಾಗಿ ಗೆಲ್ಲುವವರ ಪಣದ ಮಿತಿಯನ್ನು ಕೆಲವು ಪೌಂಡ್‌ಗಳಿಗೆ ಇಳಿಸುವುದು ಎಲ್ಲರಿಗೂ ತಿಳಿದ ರೂಢಿ. ಹಾಗಾಗಿ ಕೌಶಲದ ಆಟದಲ್ಲೂ ಆಡಿಸುವವನ ಹೊಣೆ ಕಡಿಮೆಯಾಗುವುದಿಲ್ಲ. ತಿಳಿವು ಹೆಚ್ಚಿದಷ್ಟೂ ಹೊಣೆಯೂ ಹೆಚ್ಚುತ್ತದೆ.

ಮೂರನೆಯ ಆಕ್ಷೇಪ ಸ್ವಾತಂತ್ರ್ಯದ್ದು. ವಯಸ್ಸಿಗೆ ಬಂದವರು ತಮ್ಮ ದುಡ್ಡನ್ನು ಏನಾದರೂ ಮಾಡಿಕೊಳ್ಳಲಿ, ಯುಗಾದಿಯ ಹೊಸತೊಡಕಿಗೆ ಹಳೇ ಮೈಸೂರು ಸೀಮೆಯ ಊರೂರಲ್ಲಿ ಇಸ್ಪೀಟು ನಡೆಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಹಬ್ಬದ ಜಗುಲಿಯ ಆಟದಲ್ಲಿ ಎಲ್ಲರಿಗೂ ಎಲ್ಲರ ಬಗ್ಗೆ ಒಂದೇ ಅಳತೆಯ ತಿಳಿವು ಇರುತ್ತದೆ. ಸೋಲು ವಿಪರೀತವಾದರೆ ಎದ್ದು ಹೋಗು ಎನ್ನಲು ಅಣ್ಣನೋ ಮಾವನೋ ಪಕ್ಕದಲ್ಲೇ ಇರುತ್ತಾನೆ. ಕ್ಯಾಸಿನೊದಲ್ಲಿ ಒಂದು ಕಡೆ ಕೂತವನಿಗೆ ಎಲ್ಲ ಗೊತ್ತು, ಇನ್ನೊಂದು ಕಡೆಯವನಿಗೆ ಏನೂ ಗೊತ್ತಿಲ್ಲ. ಇಂಥ ಅಸಮಾನತೆಯಲ್ಲಿ ಸ್ವತಂತ್ರ ಆಯ್ಕೆ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ದಕ್ಷಿಣ ಬೆಂಗಳೂರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬನಶಂಕರಿ, ಕುಮಾರಸ್ವಾಮಿ ಬಡಾವಣೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಬಿಟಿಎಂ ಬಡಾವಣೆ ಮತ್ತು ಜೆ.ಪಿ. ನಗರದ ಪಿ.ಜಿ.ಗಳಲ್ಲಿ ಸಂಭವನೀಯತೆಯ ಗಣಿತ ಓದಿದ ಸಾವಿರಾರು ತರುಣರಿದ್ದಾರೆ. ಲೆಕ್ಕ ಬಲ್ಲವನು ಗೆಲ್ಲಬಲ್ಲ ಎಂಬ ಕಥೆ ಅವರನ್ನೇ ಹೆಚ್ಚು ಸೆಳೆಯುತ್ತದೆ. ಅದೇ ಲೆಕ್ಕವನ್ನು ಪೂರ್ತಿ ಮಾಡಿ ನೋಡಿ. ನೂರಕ್ಕೆ ಒಂದರ ಅನುಕೂಲದಲ್ಲಿ, ಒಂದೇ ಮೊತ್ತದ ಪಣ ಎಂದು ಸರಳವಾಗಿ ಹಿಡಿದರೆ, ನೂರು ಕೈಗೆ ಸರಾಸರಿ ಲಾಭ ಒಂದು ಪಣದಷ್ಟು. ಅದೃಷ್ಟದ ಏರಿಳಿತ ಹತ್ತು ಪಣವನ್ನೂ ಮೀರುತ್ತದೆ. ಅಂದರೆ ಒಂದೂ ತಪ್ಪಿಲ್ಲದೆ ಎಣಿಸುವವನೂ ಹೆಚ್ಚು-ಕಡಿಮೆ ಅರ್ಧದಷ್ಟು ದಿನ ಸೋತೇ ಮನೆಗೆ ಹೋಗುತ್ತಾನೆ. ನಿಜವಾಗಿ ಗೆಲ್ಲಲು ಬೇಕಾದಷ್ಟು ದೀರ್ಘಕಾಲ ಆಡುವಷ್ಟರಲ್ಲಿ ಅವನನ್ನು ಗುರುತಿಸಿ ಆಗಿರುತ್ತದೆ.

ಇದಕ್ಕೆ ಚರಿತ್ರೆಯ ಸಾಕ್ಷಿಯೂ ಇದೆ. ಥಾರ್ಪ್ ಪುಸ್ತಕಕ್ಕೆ ಹೆದರಿ ಲಾಸ್ ವೇಗಸ್‌ನ ಕ್ಯಾಸಿನೊಗಳು 1964ರಲ್ಲಿ ಬ್ಲ್ಯಾಕ್‌ಜಾಕ್ ನಿಯಮಗಳನ್ನು ಬಿಗಿ ಮಾಡಿದವು. ಸಾಮಾನ್ಯ ಗಿರಾಕಿಗಳು ಮೇಜು ಬಿಟ್ಟು ಎದ್ದರು, ಕೆಲವೇ ವಾರಗಳಲ್ಲಿ ಹಳೆಯ ನಿಯಮಗಳು ಮರಳಿದವು. ಆಮೇಲೆ ಕ್ಯಾಸಿನೊಗಳಿಗೆ ಒಂದು ಸತ್ಯ ಹೊಳೆಯಿತು: ಈ ಆಟವನ್ನು ಗೆಲ್ಲಬಹುದು ಎಂಬ ಸುದ್ದಿ ತಮಗೆ ನಷ್ಟ ತರುವುದಕ್ಕಿಂತ ಹೆಚ್ಚಾಗಿ ಲಾಭ ತರುತ್ತದೆ. ಪುಸ್ತಕ ಓದಿದವರು ಬಹಳ, ಅಭ್ಯಾಸ ಮಾಡಿದವರು ಸ್ವಲ್ಪ, ಗೆದ್ದವರು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯವರನ್ನು ಕಾವಲಿನಿಂದ ತಡೆದರೆ, ಅವರ ಕೀರ್ತಿಯನ್ನು ನಂಬಿ ಬರುವ ಸಾವಿರಾರು ಜನರ ಹಣ ತಮಗೇ ಉಳಿಯುತ್ತದೆ. ಕೌಶಲ ಎಂಬ ಪದ ಜಾಹೀರಾತಿನಲ್ಲಿ ಮಾಡುವ ಕೆಲಸ ಇಂದಿಗೂ ಇದೇ. ಗೆದ್ದ ಒಬ್ಬನ ಮುಖವನ್ನು ಫಲಕದ ಮೇಲೆ ಹಾಕುತ್ತಾರೆ. ಸೋತವರ ಲೆಕ್ಕ ಕಂಪನಿಯ ಕಂಪ್ಯೂಟರಿನೊಳಗೆ ಉಳಿಯುತ್ತದೆ.

ಕೇಂದ್ರದ ಕಾಯ್ದೆ ಬಂದಾಯಿತಲ್ಲ, ಇನ್ನೇಕೆ ಈ ಚರ್ಚೆ ಎಂಬುದು ಕೊನೆಯ ಆಕ್ಷೇಪ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸುವ, ಆಡುವವರನ್ನು ಶಿಕ್ಷಿಸದ ಆ ಕಾಯ್ದೆಯ ಆಶಯವನ್ನು ನಾನು ಒಪ್ಪುತ್ತೇನೆ. ಆದರೆ ಅದು ಆನ್‌ಲೈನ್ ಆಟಗಳಿಗೆ ಮಾತ್ರ ಸಂಬಂಧಿಸಿದ್ದು. ಗೋವಾ ತನ್ನ 1976ರ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಂದ ತಿದ್ದುಪಡಿಗಳಿಂದ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳೂ ಹಡಗುಗಳಲ್ಲಿ ಮೇಜಿನ ಆಟಗಳೂ ನಡೆಯುತ್ತಿವೆ. ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಕ್ಯಾಸಿನೊ ಹಡಗುಗಳು ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ನಿವಾಸಿಗಳಿಗೆ ಕ್ಯಾಸಿನೊ ಪ್ರವೇಶವನ್ನು ನಿಷೇಧಿಸಿದೆ. ತನ್ನ ಜನರಿಗೆ ಒಳ್ಳೆಯದಲ್ಲ ಎಂದು ಒಂದು ಸರ್ಕಾರವೇ ತೀರ್ಮಾನಿಸಿದ ಜಾಗಕ್ಕೆ ಕರ್ನಾಟಕದ ಜನ ಹೋಗಿ ಕುಳಿತರೆ ಅವರನ್ನು ಕಾಯುವ ನಿಯಮ ಯಾವುದು? ಇನ್ನು ವಿದೇಶಗಳಿಂದ ನಡೆಯುವ ಬೆಟ್ಟಿಂಗ್ ತಾಣಗಳು ನಿಷೇಧವನ್ನು ದಾಟಿ ಮೊಬೈಲಿಗೆ ಬರುತ್ತಲೇ ಇವೆ. ಸುಪ್ರೀಂ ಕೋರ್ಟಿನ ಮುಂದೆ ಕಾಯ್ದೆ ನಿಲ್ಲಬಹುದು, ಬೀಳಬಹುದು. ನಿಂತರೂ ಬಿದ್ದರೂ ಎಲ್ಲಿ ಹಣದ ಆಟಕ್ಕೆ ಕಾನೂನಿನ ಒಪ್ಪಿಗೆ ಇದೆಯೋ ಅಲ್ಲಿ ಆಡಿಸುವವರ ಕರ್ತವ್ಯವೇನು ಎಂಬುದು ಬರವಣಿಗೆಯಲ್ಲಿ ಬರಲೇಬೇಕು.

ದಾರಿ ತೋರಿಸುವ ಉದಾಹರಣೆಗಳಿವೆ. ಸಿಂಗಪುರ 2010ರಲ್ಲಿ ಕ್ಯಾಸಿನೊಗಳನ್ನು ತೆರೆದಾಗ ವ್ಯಸನಿಯ ಹೆಂಡತಿ, ಗಂಡ, ತಂದೆ-ತಾಯಿ, ಮಕ್ಕಳು ಅರ್ಜಿ ಕೊಟ್ಟು ಆತನ ಪ್ರವೇಶ ತಡೆಯುವ ವ್ಯವಸ್ಥೆಯನ್ನು ಕಾನೂನಿನಲ್ಲೇ ಇಟ್ಟಿತು. ದಿವಾಳಿಯಾದವರಿಗೆ ಪ್ರವೇಶ ತಾನಾಗಿಯೇ ಇಲ್ಲ. ಬ್ರಿಟನ್‌ನಲ್ಲಿ ಒಬ್ಬ ವ್ಯಕ್ತಿ ‘ಗ್ಯಾಮ್‌ಸ್ಟಾಪ್’ ಪಟ್ಟಿಯಲ್ಲಿ ಒಮ್ಮೆ ಹೆಸರು ಬರೆಸಿದರೆ ಪರವಾನಗಿ ಪಡೆದ ಎಲ್ಲ ಆನ್‌ಲೈನ್ ಸಂಸ್ಥೆಗಳೂ 2020ರಿಂದ ಅವನನ್ನು ಕಡ್ಡಾಯವಾಗಿ ಹೊರಗಿಡಬೇಕು. ನಮ್ಮಲ್ಲಿ ಬೇಕಾದದ್ದು ಮೂರು ನಿಯಮಗಳು. ಒಂದು, ಹಣ ಪಡೆದು ಆಡಿಸುವ ಯಾವುದೇ ಸಂಸ್ಥೆ ಲಾಭಕ್ಕಾಗಿ ಗಿರಾಕಿಯ ಯಾವ ದಾಖಲೆ ಇಡುತ್ತದೋ ಅದೇ ದಾಖಲೆಯಿಂದ ಹಾನಿಯ ಲಕ್ಷಣಗಳನ್ನು ಗುರುತಿಸಿ ಆಟ ನಿಲ್ಲಿಸಬೇಕು, ನಿಲ್ಲಿಸದೆ ಪಡೆದ ಹಣಕ್ಕೆ ಉತ್ತರ ಹೇಳಬೇಕು. ಎರಡು, ಸ್ವತಃ ವ್ಯಕ್ತಿ ಅಥವಾ ಅವನ ಮನೆಯವರು ಅರ್ಜಿ ಕೊಟ್ಟರೆ ಎಲ್ಲ ರಾಜ್ಯಗಳ ಪರವಾನಗಿದಾರರಿಗೂ ಅನ್ವಯಿಸುವ ಒಂದೇ ತಡೆಪಟ್ಟಿ ಇರಬೇಕು. ಜೂಜು ರಾಜ್ಯಪಟ್ಟಿಯ ವಿಷಯವಾದ್ದರಿಂದ ಕರ್ನಾಟಕ ಇದನ್ನು ಗೋವಾದೊಡನೆ ಮಾತುಕತೆಯಿಂದ ಆರಂಭಿಸಬಹುದು. ಮೂರು, ಕೌಶಲದ ಆಟ ಎಂದು ಹೇಳಿಕೊಂಡು ರಕ್ಷಣೆ ಕೇಳುವವರು ಯಾರನ್ನೂ ಅವರ ಕೌಶಲಕ್ಕಾಗಿ ಹೊರಹಾಕಕೂಡದು, ಮಿತಿಗೊಳಿಸಕೂಡದು; ಹೊರಹಾಕಿದ ದಿನ ಆ ರಕ್ಷಣೆ ಹೋಗಬೇಕು. ಮುಖ ಗುರುತಿಸುವ ಕ್ಯಾಮೆರಾ ಈಗಾಗಲೇ ಇರುವ ಕಡೆ ಇವುಗಳಲ್ಲಿ ಯಾವುದೂ ತಾಂತ್ರಿಕವಾಗಿ ಕಷ್ಟವಲ್ಲ.

ಕಾನೂನು ಬರುವವರೆಗೆ ಮನೆಗಳು ಕಾಯಬೇಕಿಲ್ಲ. ಬಿಟಿಎಂ ಬಡಾವಣೆಯಲ್ಲಿರುವ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್, 2014ರಿಂದ ಮೊಬೈಲ್ ಮತ್ತು ಆನ್‌ಲೈನ್ ಚಟಗಳಿಗೆ ನೆರವಾಗುತ್ತಿರುವ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್, ಹೊಸೂರು ರಸ್ತೆಯ ಆವರಣದ ವ್ಯಸನ ಚಿಕಿತ್ಸಾ ಕೇಂದ್ರ ಜಯನಗರ, ಬನಶಂಕರಿಯವರಿಗೆ ಹತ್ತಿರದಲ್ಲೇ ಇವೆ. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಬಹುದು. ಜೂಜಿನ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಅದನ್ನು ಮನೆತನದ ಮರ್ಯಾದೆಯ ಪ್ರಶ್ನೆ ಮಾಡಿ ಮುಚ್ಚಿಟ್ಟರೆ ಸಾಲ ಬೆಳೆಯುತ್ತದೆ, ಕಾಯಿಲೆ ಉಳಿಯುತ್ತದೆ. ಲೆಕ್ಕದ ಬಲದಿಂದ ಗೆಲ್ಲುತ್ತೇನೆಂದು ಹೊರಟಿರುವ ತರುಣ ತರುಣಿಯರಿಗೆ ಹೇಳುವುದು ಇಷ್ಟು: ನೀವು ಸೋಲುತ್ತಿರುವವರೆಗೆ ಮಾತ್ರ ಆ ಮೇಜಿನಲ್ಲಿ ನಿಮಗೆ ಜಾಗ, ಗೆಲ್ಲತೊಡಗಿದ ಮೇಲೆ ಇಲ್ಲ, ಇದು ಆ ಆಟದ ಬರೆಯದ ಮೊದಲ ನಿಯಮ. ಶಾಸಕರಿಗೆ, ನ್ಯಾಯಾಲಯಗಳಿಗೆ ಕೇಳಿಕೊಳ್ಳುವುದೂ ಇಷ್ಟೇ: ಗೆಲ್ಲುವ ಒಬ್ಬನನ್ನು ಒಂದು ಸಂಜೆಯಲ್ಲಿ ಪತ್ತೆ ಹಚ್ಚುವವರು ಮುಳುಗುತ್ತಿರುವವರನ್ನು ಪತ್ತೆ ಹಚ್ಚಲಾರೆವು ಎಂದರೆ ಅದನ್ನು ಒಪ್ಪಬೇಡಿ.